ಎಂಬಿಎಗೆ ಎಲ್ಲೆಲ್ಲಿ ಅರ್ಜಿ ಹಾಕಬೇಕು? ಕಾಲೇಜು ಪಟ್ಟಿ ಮಾಡುವ ಕ್ರಮ

ಐಐಎಂ ಮತ್ತಿತರ ಕಾಲೇಜುಗಳ ಎಂಬಿಎ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಗೆ ತಿಂಗಳುಗಟ್ಟಲೆ ಓದುವವರೂ ಕಾಲೇಜುಗಳ ಪಟ್ಟಿಯನ್ನು ಒಂದೇ ಸಂಜೆ ಕೂತು ಮಾಡಿ ಮುಗಿಸುತ್ತಾರೆ. ಅದೂ ಫಲಿತಾಂಶ ಬಂದ ಮೇಲೆ. ಅಷ್ಟು ಹೊತ್ತಿಗೆ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಮುಂಬೈನ ಎಸ್‌ಪಿ ಜೈನ್‌ನಂತಹ ಸಂಸ್ಥೆಗಳ ಅರ್ಜಿ ಗಡುವು ಸಾಮಾನ್ಯವಾಗಿ ಕ್ಯಾಟ್ ನಡೆಯುವ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಉಳಿದ ಕಡೆಗೆ ಗಾಬರಿಯಲ್ಲಿ ಹತ್ತು ಹನ್ನೆರಡು ಅರ್ಜಿ ಹಾಕಿ, ಒಂದೊಂದಕ್ಕೆ ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿ ಕಟ್ಟಿ, ಕೊನೆಗೆ ಸೇರುವ ಮನಸ್ಸೇ ಇಲ್ಲದ ಕಾಲೇಜಿನ ಸಂದರ್ಶನಕ್ಕೆ ರಜೆ ಹಾಕಿ ಹೋಗುವವರು ತುಂಬ ಜನ.

ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇರೆಲ್ಲೂ ಸೀಟು ಸಿಗದೆ ಇಲ್ಲಿ ಮಾತ್ರ ಸಿಕ್ಕರೆ, ಪೂರ್ತಿ ಫೀಸು ಕಟ್ಟಿ ಸೇರುತ್ತೀರಾ? ಇಲ್ಲ ಎಂದಾದರೆ ಆ ಹೆಸರನ್ನು ಈಗಲೇ ಹೊಡೆದುಹಾಕಿ. ಮುಂದೆ ಹೇಳುವುದೆಲ್ಲ ಈ ಪ್ರಶ್ನೆಗೆ ಅಂದಾಜಿನ ಮೇಲಲ್ಲ, ಲೆಕ್ಕದ ಮೇಲೆ ಉತ್ತರ ಕೊಡುವುದು ಹೇಗೆ ಎಂಬುದರ ಬಗ್ಗೆ. ಜುಲೈ ಅಥವಾ ಆಗಸ್ಟ್‌ನಲ್ಲಿ ಈ ಕೆಲಸ ಶುರುವಾಗಬೇಕು.

ಮೊದಲು ನಿಮ್ಮದೇ ಒಂದು ಹಾಳೆ

ಒಂದು ಹಾಳೆಯಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಈ ಮೂರರ ಶೇಕಡಾವಾರು ಅಂಕ, ಕೆಲಸದ ಅನುಭವ ಎಷ್ಟು ತಿಂಗಳು, ಮೀಸಲಾತಿ ವರ್ಗ, ಮನೆಯಿಂದ ಹೊಂದಿಸಬಹುದಾದ ನಗದು ಇಷ್ಟನ್ನು ಬರೆಯಿರಿ. ಹತ್ತನೇ ತರಗತಿಯ ಅಂಕ ಈಗ ಯಾಕೆ ಎನಿಸಬಹುದು. ಅಹಮದಾಬಾದ್, ಬೆಂಗಳೂರು ಸೇರಿದಂತೆ ಹಲವು ಐಐಎಂಗಳು ಸಂದರ್ಶನಕ್ಕೆ ಕರೆಯುವ ಹಂತದಲ್ಲೇ ಕ್ಯಾಟ್ ಅಂಕದ ಜೊತೆ ಹಳೆಯ ಪರೀಕ್ಷೆಗಳ ಅಂಕಕ್ಕೂ ತೂಕ ಕೊಡುತ್ತವೆ. ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ (ಅಂದರೆ ಬರೆದವರಲ್ಲಿ ನೂರಕ್ಕೆ 99 ಜನರಿಗಿಂತ ಮೇಲೆ) ಬಂದರೂ, ಪಿಯುಸಿಯಲ್ಲಿ 65% ಇರುವ ಇಂಜಿನಿಯರಿಂಗ್ ಪದವೀಧರನಿಗೆ ಬೆಂಗಳೂರು ಐಐಎಂ ಕರೆ ಬರುವುದು ಕಷ್ಟ. ಅದೇ ಅಂಕಪಟ್ಟಿ ಇಟ್ಟುಕೊಂಡು ಎಕ್ಸ್‌ಎಟಿ ಎಂಬ ಇನ್ನೊಂದು ಪ್ರವೇಶ ಪರೀಕ್ಷೆಯನ್ನು ಚೆನ್ನಾಗಿ ಬರೆದರೆ ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಕರೆಯಬಹುದು, ಏಕೆಂದರೆ ಅಲ್ಲಿ ಮೊದಲ ಆಯ್ಕೆಗೆ ಮುಖ್ಯವಾಗಿ ಆ ಪರೀಕ್ಷೆಯ ಅಂಕವನ್ನೇ ನೋಡುತ್ತಾರೆ. ಪ್ರತಿ ಸಂಸ್ಥೆಯೂ ಪ್ರವೇಶ ನೀತಿಯ ದಾಖಲೆಯನ್ನು ತನ್ನ ಜಾಲತಾಣದಲ್ಲಿ ಹಾಕಿರುತ್ತದೆ. ಅದರಲ್ಲಿರುವ ತೂಕದ ಕೋಷ್ಟಕಕ್ಕೆ ನಿಮ್ಮ ಅಂಕಗಳನ್ನು ಹಾಕಿ ನೋಡಿ. ಒಂದು ಸಂಸ್ಥೆಗೆ ಅರ್ಧ ಗಂಟೆ ಬೇಕು, ಅಷ್ಟೇ.

ಅದೇ ದಾಖಲೆಯಲ್ಲಿ ಕನಿಷ್ಠ ಪರ್ಸೆಂಟೈಲ್ ಎಂದು 80, 85, 90 ಹೀಗೆ ಏನಾದರೂ ಬರೆದಿರುತ್ತಾರೆ. ಅದು ಅರ್ಹತೆಯ ಗೆರೆ ಮಾತ್ರ, ಅದನ್ನು ದಾಟಿದವರಿಗೆಲ್ಲ ಕರೆ ಬರುವುದಿಲ್ಲ. ಸಾಮಾನ್ಯ ವರ್ಗದವರಿಗೆ ಹಳೆಯ ಐಐಎಂಗಳಿಂದ ನಿಜವಾಗಿ ಕರೆ ಬರುವುದು ಬಹುತೇಕ 98-99ರ ಮೇಲೆ, ಹೊಸ ಐಐಎಂಗಳಿಂದ 90ರ ದಶಕದ ನಡುವಿನಿಂದ ಆಚೆಗೆ.

ವರ್ಗದ ಪ್ರಮಾಣಪತ್ರ: ಕರ್ನಾಟಕದವರು ಎಡವುವ ಜಾಗ

ನಮ್ಮ ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ವರ್ಗೀಕರಣ ಐಐಎಂ, ಐಐಟಿಗಳಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರುವುದು ಮತ್ತು ಕೇಂದ್ರದ ನಮೂನೆಯಲ್ಲೇ ಕೊಟ್ಟ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿದ್ದೂ ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳಿವೆ. ಅಂಥವರು ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ ಕೇಂದ್ರ ಸಂಸ್ಥೆಗಳಲ್ಲಿ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಅಡಿ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ ಅವಕಾಶ ಕಳೆದುಕೊಳ್ಳುವವರು ಬಹಳ. ನಾಡಕಚೇರಿಯಲ್ಲಿ ಕೇಳುವಾಗ ‘ಕೇಂದ್ರ ಸರ್ಕಾರದ ಸಂಸ್ಥೆಗೆ’ ಎಂದು ಬಿಡಿಸಿ ಹೇಳಿ, ಪತ್ರ ಕೈಗೆ ಬಂದಾಗ ನಮೂನೆಯನ್ನು ಓದಿ ನೋಡಿ. ಹಣಕಾಸು ವರ್ಷ ಬದಲಾದಾಗ ಹೊಸ ಪತ್ರ ಕೇಳುತ್ತಾರೆ. ಕ್ಯಾಟ್ ಅರ್ಜಿಯಲ್ಲಿ ಒಮ್ಮೆ ಹಾಕಿದ ವರ್ಗವನ್ನು ಆಮೇಲೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಈ ಕೆಲಸ ಜುಲೈಯಲ್ಲೇ ಆಗಬೇಕು.

ಯಾವ ಕೆಲಸಕ್ಕೆ ಯಾವ ಕಾಲೇಜು

ಎಂಬಿಎ ಆದಮೇಲೆ ಯಾವ ಕೆಲಸ ಬೇಕು ಎಂಬುದು ತಿಳಿದಿದ್ದರೆ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಮಾನವ ಸಂಪನ್ಮೂಲ ಎಂದಾದರೆ ಎಕ್ಸ್‌ಎಲ್‌ಆರ್‌ಐ, ಮುಂಬೈನ ಟಿಸ್, ಪುಣೆಯ ಎಸ್‌ಸಿಎಂಎಚ್‌ಆರ್‌ಡಿ. ಕಾರ್ಖಾನೆ, ಸರಬರಾಜು, ಉಗ್ರಾಣದ ಕೆಲಸ ಇಷ್ಟವಿರುವವರಿಗೆ ಮೊದಲು ನಿಟಿ ಎಂದು ಹೆಸರಾಗಿದ್ದ, 2023ರಿಂದ ಐಐಎಂ ಮುಂಬೈ ಆಗಿರುವ ಸಂಸ್ಥೆ. ವಿದೇಶ ವ್ಯಾಪಾರಕ್ಕೆ ದೆಹಲಿಯ ಐಐಎಫ್‌ಟಿ, ಜಾಹೀರಾತು ಮತ್ತು ಬ್ರ್ಯಾಂಡ್ ಕೆಲಸಕ್ಕೆ ಅಹಮದಾಬಾದಿನ ಮೈಕಾ, ಸಹಕಾರ ಮತ್ತು ಗ್ರಾಮೀಣ ಕ್ಷೇತ್ರಕ್ಕೆ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಕಟ್ಟಿದ ಆನಂದ್‌ನ ಇರ್ಮಾ. ಬಿಎಸ್ಸಿ ಕೃಷಿ ಓದಿದವರು ಅಹಮದಾಬಾದ್ ಮತ್ತು ಲಖನೌ ಐಐಎಂಗಳ ಕೃಷಿ ವ್ಯವಹಾರದ ಕೋರ್ಸುಗಳನ್ನು ಬಿಡಬಾರದು. ಸಾಮಾನ್ಯ ಎಂಬಿಎಗೆ ಮುಗಿಬೀಳುವ ಜನ ಅಲ್ಲಿರುವುದಿಲ್ಲ.

ಅನುಭವ ನಾಲ್ಕೈದು ವರ್ಷ ದಾಟಿದ್ದರೆ ಎರಡು ವರ್ಷದ ಕೋರ್ಸಿಗಿಂತ ಒಂದು ವರ್ಷದ್ದನ್ನು ಮೊದಲು ನೋಡಿ. ಅಹಮದಾಬಾದಿನ ಪಿಜಿಪಿಎಕ್ಸ್‌ಗೆ ಕನಿಷ್ಠ 4 ವರ್ಷ, ಬೆಂಗಳೂರಿನ ಇಪಿಜಿಪಿಗೆ 5 ವರ್ಷ ಅನುಭವ ಬೇಕು. ಎರಡು ವರ್ಷದ ತರಗತಿಯಲ್ಲಿ ಆರು ವರ್ಷದ ಅನುಭವಿಗೂ ಹೊಸಬರಿಗೂ ಒಂದೇ ಬಗೆಯ ಹುದ್ದೆ ಬರುವುದುಂಟು. ಅದು ನಷ್ಟ.

ಸಾಲದ ಲೆಕ್ಕ

ಐಐಎಂ ಬೆಂಗಳೂರು, ಅಹಮದಾಬಾದ್‌ಗಳಲ್ಲಿ ಎರಡು ವರ್ಷಕ್ಕೆ ಸುಮಾರು 25 ಲಕ್ಷ ರೂಪಾಯಿ ಆಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್‌ನಲ್ಲಿ ಅದರ ಹತ್ತನೇ ಒಂದು ಭಾಗದಷ್ಟು. ಎಂಬಿಎ ಪದವಿಯ ಬದಲು ಪಿಜಿಡಿಎಂ ಎಂಬ ಡಿಪ್ಲೊಮಾ ಕೊಡುವ ಖಾಸಗಿ ಕಾಲೇಜುಗಳು ಈ ನಡುವೆ ಎಲ್ಲೆಲ್ಲೋ ಇವೆ. ಫೀಸಿನ ಮೊತ್ತ ನೋಡಿ ಹೆದರುವುದೂ ತಪ್ಪು, ನೋಡದೆ ಸಹಿ ಹಾಕುವುದೂ ತಪ್ಪು. ತಿಂಗಳ ಕಂತು ಎಷ್ಟಾಗುತ್ತದೆಂದು ನೋಡಿ.

15 ಲಕ್ಷ ಸಾಲ, 10% ಬಡ್ಡಿ, 10 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ವರ್ಷಕ್ಕೆ ಏಳೂವರೆ ಲಕ್ಷದಂತೆ ಬ್ಯಾಂಕು ಹಣ ಬಿಡುಗಡೆ ಮಾಡಿದರೆ ಮೊದಲ ವರ್ಷ 75 ಸಾವಿರ, ಎರಡನೇ ಮತ್ತು ಮೂರನೇ ವರ್ಷ ಒಂದೂವರೆ ಲಕ್ಷದಂತೆ, ಒಟ್ಟು 3.75 ಲಕ್ಷ ಸೇರಿ ಸಾಲ 18.75 ಲಕ್ಷವಾಗುತ್ತದೆ. ತಿಂಗಳ ಕಂತು ಸುಮಾರು 24,800 ರೂಪಾಯಿ. ಆ ಮೂರು ವರ್ಷದ ಬಡ್ಡಿಯನ್ನು ಮನೆಯವರು ಆಗಿಂದಾಗ್ಗೆ ಕಟ್ಟುತ್ತ ಹೋದರೆ ಕಂತು 19,800ಕ್ಕೆ ನಿಲ್ಲುತ್ತದೆ.

ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ಮೀರಬಾರದು. 24,800 ಕಟ್ಟಬೇಕಾದವರಿಗೆ ತಿಂಗಳಿಗೆ 75 ಸಾವಿರ ಕೈಗೆ ಬರಬೇಕು, ಅಂದರೆ ವಾರ್ಷಿಕ ಪ್ಯಾಕೇಜ್ 11-12 ಲಕ್ಷವಾದರೂ ಇರಬೇಕು. ಕಾಲೇಜಿನಲ್ಲಿ ನಡುವಿನ ವಿದ್ಯಾರ್ಥಿಗೆ ಸಿಗುವುದು 8 ಲಕ್ಷವಾದರೆ, ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಮೊತ್ತ ಎಲ್ಲ ಕಳೆದು ತಿಂಗಳಿಗೆ ಐವತ್ತು ಸಾವಿರದ ಆಸುಪಾಸು ಕೈಗೆ ಬರುತ್ತದೆ. ಬೆಂಗಳೂರಿನ ಬಾಡಿಗೆ ಕಟ್ಟಿ, ಊರಿಗೆ ಒಂದಿಷ್ಟು ಕಳಿಸಿ, 24,800 ಕಂತನ್ನೂ ಕಟ್ಟುವುದು ಆಗುವ ಮಾತಲ್ಲ. ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ, ಕಟ್ಟಡ ಎಷ್ಟೇ ಚೆನ್ನಾಗಿರಲಿ.

ಬ್ಯಾಂಕಿನವರ ಅಭಿಪ್ರಾಯವೂ ಒಂದು ಸುಳಿವು. ಎಸ್‌ಬಿಐನ ಸ್ಕಾಲರ್ ಲೋನ್‌ನಂತಹ ಯೋಜನೆಗಳಲ್ಲಿ ಸಂಸ್ಥೆಗಳನ್ನು ದರ್ಜೆಗಳಾಗಿ ವಿಂಗಡಿಸಿ, ಯಾವುದಕ್ಕೆ ಆಸ್ತಿ ಅಡವಿಲ್ಲದೆ ಎಷ್ಟು ಸಾಲ ಎಂದು ಪಟ್ಟಿ ಹಾಕಿರುತ್ತಾರೆ. ಇಪ್ಪತ್ತು ಲಕ್ಷ ಫೀಸು ಕೇಳುವ ಕಾಲೇಜು ಅಂಥ ಯಾವ ಪಟ್ಟಿಯಲ್ಲೂ ಇಲ್ಲವೆಂದರೆ ಯೋಚಿಸಬೇಕು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನೂ ನೋಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಕಾಲೇಜು ಯೋಜನೆಯ ಪಟ್ಟಿಯಲ್ಲಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಸಿಗುವ ಅವಕಾಶವಿದೆ.

ಪ್ಲೇಸ್‌ಮೆಂಟ್ ಅಂಕಿ ಓದುವ ಬಗೆ

ಕಾಲೇಜಿನ ಹೊಳಪಿನ ಪುಸ್ತಿಕೆಯಲ್ಲಿ ‘ಅತಿ ಹೆಚ್ಚು ಪ್ಯಾಕೇಜ್’ ದೊಡ್ಡ ಅಕ್ಷರದಲ್ಲಿರುತ್ತದೆ. ಅದು ಒಬ್ಬರಿಗೆ ಸಿಕ್ಕಿದ್ದು. ಸರಾಸರಿಯೂ ಮೋಸ ಮಾಡುತ್ತದೆ, ಏಕೆಂದರೆ ನಾಲ್ಕು ಜನಕ್ಕೆ 40 ಲಕ್ಷ ಸಿಕ್ಕರೆ ಇಡೀ ತರಗತಿಯ ಸರಾಸರಿ ಮೇಲಕ್ಕೆ ಹೋಗುತ್ತದೆ. ನಿಮಗೆ ಬೇಕಾದದ್ದು ಮೀಡಿಯನ್. ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಸಂಬಳ.

ಇದು ಸಾರ್ವಜನಿಕವಾಗಿ ಸಿಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್ 2016ರಿಂದ ಬರುತ್ತಿದೆ. ಜನ ರ್‍ಯಾಂಕ್ ನೋಡಿ ಪುಟ ಮುಚ್ಚುತ್ತಾರೆ, ಅದರ ಹಿಂದಿರುವ ದತ್ತಾಂಶವನ್ನು ತೆರೆಯುವುದಿಲ್ಲ. ಮ್ಯಾನೇಜ್‌ಮೆಂಟ್ ವಿಭಾಗದ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿನ ಜೊತೆಗೇ ಅದು ಸಲ್ಲಿಸಿದ ಮಾಹಿತಿಯ ಪಿಡಿಎಫ್ ಇರುತ್ತದೆ. ರ್‍ಯಾಂಕ್ ಪಟ್ಟಿಯಲ್ಲಿ ಇಲ್ಲದ ಕಾಲೇಜೂ ಭಾಗವಹಿಸಿದ್ದರೆ ಆ ಪಿಡಿಎಫ್ ಅನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ಅದರಲ್ಲಿ ಸ್ನಾತಕೋತ್ತರ ಎರಡು ವರ್ಷದ ಕೋರ್ಸಿನ ಕೋಷ್ಟಕ ಹುಡುಕಿ. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರೆಷ್ಟು ಎಂಬುದು ಮೂರು ವರ್ಷಗಳಿಗೆ ಸಾಲಾಗಿ ಇರುತ್ತದೆ.

ಉದಾಹರಣೆಗೆ ಒಂದು ಕಾಲೇಜಿನಲ್ಲಿ 225 ಜನ ಮುಗಿಸಿ, 160 ಜನಕ್ಕೆ ಕೆಲಸ ಸಿಕ್ಕಿ, 5 ಜನ ಮುಂದೆ ಓದಲು ಹೋದರೆಂದುಕೊಳ್ಳಿ. ಉಳಿದ 60 ಜನ ಎಲ್ಲಿ? ಕೆಲವರು ಮನೆಯ ವ್ಯವಹಾರಕ್ಕೆ ಹೋಗಿರಬಹುದು, ಎಲ್ಲರೂ ಅಲ್ಲ. ಕೆಲಸ ಸಿಕ್ಕವರು ಶೇಕಡಾ 71 ಮಾತ್ರ, ಮೀಡಿಯನ್ ಕೂಡ ಅವರದ್ದಷ್ಟೇ. ಇದೇ ಕಾಲೇಜು ಪುಸ್ತಿಕೆಯಲ್ಲಿ ನೂರಕ್ಕೆ ನೂರು ಎಂದು ಹಾಕಿಕೊಳ್ಳಬಲ್ಲದು. ಪ್ಲೇಸ್‌ಮೆಂಟ್‌ಗೆ ‘ಅರ್ಹರು’ ಎಂದು ಯಾರನ್ನು ಎಣಿಸುತ್ತಾರೆ ಎಂಬುದರಲ್ಲಿ ಆ ಲೆಕ್ಕ ಅಡಗಿರುತ್ತದೆ. ಹಾಜರಾತಿ ಕಡಿಮೆ ಇದ್ದವರು, ಒಂದು ಆಫರ್ ನಿರಾಕರಿಸಿದವರು ಆ ಎಣಿಕೆಯಿಂದ ಹೊರಗುಳಿಯುತ್ತಾರೆ.

ಮೂರು ವರ್ಷದ ಸಾಲುಗಳನ್ನು ಒಟ್ಟಿಗೆ ನೋಡಿ. ಸೇರಿದವರ ಸಂಖ್ಯೆ 120ರಿಂದ 300ಕ್ಕೆ ಏರಿ ಮೀಡಿಯನ್ ಅಲ್ಲೇ ನಿಂತಿದ್ದರೆ ಅಥವಾ ಇಳಿದಿದ್ದರೆ, ಕಾಲೇಜು ಸೀಟು ಹೆಚ್ಚಿಸಿದಷ್ಟು ಕಂಪನಿಗಳನ್ನು ಕರೆತಂದಿಲ್ಲ. ಈ ಅಂಕಿಗಳು ಒಂದೆರಡು ವರ್ಷ ಹಳೆಯವು ಎಂಬುದು ನೆನಪಿರಲಿ. ಹೊಸ ವರ್ಷದ್ದಕ್ಕೆ ಕಾಲೇಜಿನದೇ ವರದಿ ನೋಡಬೇಕು. ಪ್ಲೇಸ್‌ಮೆಂಟ್ ವರದಿಗೆಂದು ಅಹಮದಾಬಾದ್ ಐಐಎಂ ರೂಪಿಸಿದ ಐಪಿಆರ್‌ಎಸ್ ಮಾನದಂಡದಂತೆ ತಯಾರಿಸಿ, ಹೊರಗಿನವರಿಂದ ಲೆಕ್ಕ ಪರಿಶೋಧನೆ ಮಾಡಿಸಿದ ವರದಿಯಾದರೆ ನಂಬಬಹುದು. ಅದರಲ್ಲಿ ಖಚಿತ ಸಂಬಳ ಬೇರೆ, ಷರತ್ತಿನ ಮೊತ್ತ ಬೇರೆ ತೋರಿಸಿರುತ್ತಾರೆ.

ಅದೇ ಪಿಡಿಎಫ್‌ನಲ್ಲಿ ಅಧ್ಯಾಪಕರ ಸಂಖ್ಯೆಯೂ ಇದೆ. ವಿದ್ಯಾರ್ಥಿಗಳ ಒಟ್ಟು ಸಂಖ್ಯೆಯನ್ನು ಅದರಿಂದ ಭಾಗಿಸಿ. ಒಬ್ಬ ಖಾಯಂ ಅಧ್ಯಾಪಕರಿಗೆ ಇಪ್ಪತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಪಾಠ ಅತಿಥಿ ಉಪನ್ಯಾಸಕರ ಕೈಯಲ್ಲಿದೆ ಎಂದರ್ಥ. ಫೀಸು ಮರುಪಾವತಿ ಎಷ್ಟು ಜನಕ್ಕೆ ಸಿಕ್ಕಿದೆ ಎಂಬ ಸಾಲೂ ಇದೆ. ವಿದ್ಯಾರ್ಥಿವೇತನದ ಮಾತು ಎಷ್ಟು ನಿಜ ಎಂಬುದು ಅಲ್ಲಿ ತಿಳಿಯುತ್ತದೆ.

ಅಂಕಿ ಆದಮೇಲೆ ಹುದ್ದೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು ಹಳೆಯ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗಿ, ಮೂರು ವರ್ಷದ ಹಿಂದೆ ಮುಗಿಸಿದವರನ್ನು ಆರಿಸಿ, ಮೂವತ್ತು ಜನರ ಈಗಿನ ಹುದ್ದೆಯನ್ನು ಬರೆದುಕೊಳ್ಳಿ. ‘ಮ್ಯಾನೇಜರ್’ ಎಂಬ ಪದಕ್ಕೆ ಮರುಳಾಗಬೇಡಿ, ಯಾವ ಕೆಲಸ ಎಂಬುದನ್ನು ನೋಡಿ. ಅರ್ಧಕ್ಕಿಂತ ಹೆಚ್ಚು ಜನ ಫೋನಿನಲ್ಲಿ ಮಾರಾಟ ಮಾಡುವ ಕೆಲಸದಲ್ಲಿದ್ದರೆ, ನೀವು ಬಯಸುವುದು ಅದಲ್ಲದಿದ್ದರೆ, ಆ ಹೆಸರಿಗೆ ಗೀಟು ಎಳೆಯಿರಿ. ಇಬ್ಬರು ಮೂವರಿಗೆ ವಿನಯದಿಂದ ಸಂದೇಶ ಕಳಿಸಿ ಎರಡು ಪ್ರಶ್ನೆ ಕೇಳಿ: ಕೊನೆಯ ಪರೀಕ್ಷೆ ಮುಗಿದ ದಿನ ನಿಮ್ಮ ತರಗತಿಯಲ್ಲಿ ಕೆಲಸ ಸಿಗದವರು ಎಷ್ಟಿದ್ದರು? ನಿಮ್ಮ ವಿಷಯಕ್ಕೇ ಎಂದು ಬಂದ ಕಂಪನಿಗಳು ಯಾವುವು? ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ.

ಯಾವ ಪರೀಕ್ಷೆ, ಯಾವಾಗ

ಕ್ಯಾಟ್ ಅರ್ಜಿ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ, ಪರೀಕ್ಷೆ ನವೆಂಬರ್ ಕೊನೆಯ ಭಾನುವಾರದ ಆಸುಪಾಸು. ಒಂದೇ ಶುಲ್ಕದಲ್ಲಿ ಎಲ್ಲ ಐಐಎಂಗಳಿಗೂ ಹೆಸರು ಕೊಡಬಹುದು. ಆದರೆ ಅರ್ಜಿಯಲ್ಲಿ ಯಾವ ಐಐಎಂನ ಯಾವ ಕೋರ್ಸು ಎಂದು ಗುರುತು ಹಾಕದಿದ್ದರೆ ಅಲ್ಲಿಂದ ಕರೆ ಬರುವುದಿಲ್ಲ. ಮುಖ್ಯ ಕೋರ್ಸಿನ ಜೊತೆಗಿರುವ ಬೇರೆ ಕೋರ್ಸುಗಳನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ. ಹೊಸ ಐಐಎಂಗಳಲ್ಲಿ ಹಲವು ಸೇರಿ ಕ್ಯಾಪ್ ಎಂಬ ಒಂದೇ ಸಂದರ್ಶನ ನಡೆಸುತ್ತವೆ. ಐಐಎಂ ಅಲ್ಲದವು ಕ್ಯಾಟ್ ಅಂಕ ತೆಗೆದುಕೊಂಡರೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ ಕೇಳುತ್ತವೆ. ಮಣಿಪಾಲದ ಟ್ಯಾಪ್ಮಿ ಹೀಗೆ ಕ್ಯಾಟ್, ಎಕ್ಸ್‌ಎಟಿ, ಎನ್‌ಮ್ಯಾಟ್ ಯಾವುದಾದರೂ ಒಂದರ ಅಂಕ ಒಪ್ಪುತ್ತದೆ.

ಎನ್‌ಮ್ಯಾಟ್ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆಯುತ್ತದೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಮೂರು ಸಲದವರೆಗೆ ಬರೆಯಬಹುದು. ಸ್ನ್ಯಾಪ್ ಡಿಸೆಂಬರ್‌ನಲ್ಲಿ. ಅದರ ಅಂಕದ ಮೇಲೆ ಸೇರಿಸಿಕೊಳ್ಳುವ, ಪುಣೆ, ಬೆಂಗಳೂರು ಮೊದಲಾದ ಕಡೆ ಇರುವ ಸಿಂಬಯಾಸಿಸ್ ಸಂಸ್ಥೆಗಳಿಗೆ ಪರೀಕ್ಷಾ ಶುಲ್ಕವಲ್ಲದೆ ಕೋರ್ಸಿಗೊಂದರಂತೆ ಬೇರೆ ಶುಲ್ಕ ಕಟ್ಟಬೇಕು. ಎಕ್ಸ್‌ಎಟಿ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಪ್ರತಿ ಪರೀಕ್ಷೆಯ ಸ್ವಭಾವವೂ ಬೇರೆ ಆದ್ದರಿಂದ ಮೂರಕ್ಕಿಂತ ಹೆಚ್ಚು ಪರೀಕ್ಷೆಗೆ ಕಟ್ಟಬೇಡಿ, ಯಾವುದಕ್ಕೂ ಸರಿಯಾಗಿ ತಯಾರಾಗಲು ಆಗುವುದಿಲ್ಲ.

ರಾಜ್ಯದ ಕೋಟಾ ಇರುವ ಕಡೆ ಎಚ್ಚರ. ಮುಂಬೈನ ಜೆಬಿಐಎಂಎಸ್‌ನಂತಹ ಕಾಲೇಜಿನ ಹೆಚ್ಚಿನ ಸೀಟು ಮಹಾರಾಷ್ಟ್ರದವರಿಗೆ. ಅದರ ಫೀಸು, ಸಂಬಳ ನೋಡಿ ಆಸೆಯಾಗುತ್ತದೆ, ಹೊರಗಿನವರಿಗೆ ಉಳಿಯುವುದು ಬಹಳ ಕಡಿಮೆ.

ಎಷ್ಟು ಅರ್ಜಿ

ಕ್ಯಾಟ್ ಅರ್ಜಿಯಲ್ಲಿ ಗುರುತು ಹಾಕುವ ಐಐಎಂಗಳನ್ನು ಬಿಟ್ಟು, ದುಡ್ಡು ಕಟ್ಟಿ ಹಾಕುವ ಅರ್ಜಿ ಐದರಿಂದ ಏಳು ಸಾಕು. ಮೇಲ್ವಿಚಾರಣೆಯಲ್ಲಿ, ಸಮಯ ಹಿಡಿದು ಬರೆದ ಕೊನೆಯ ಐದು ಮಾಕ್ (ಅಭ್ಯಾಸದ) ಪರೀಕ್ಷೆಗಳ ಪರ್ಸೆಂಟೈಲ್ ಸರಾಸರಿ ತೆಗೆಯಿರಿ. ಅತಿ ಹೆಚ್ಚು ಬಂದದ್ದನ್ನು ನಿಮ್ಮ ಮಟ್ಟ ಎಂದುಕೊಳ್ಳಬೇಡಿ. ಹಿಂದಿನ ವರ್ಷ ಕರೆ ಬಂದ ಮಟ್ಟ ಆ ಸರಾಸರಿಗಿಂತ ಎರಡು ಮೂರು ಪರ್ಸೆಂಟೈಲ್ ಮೇಲಿರುವ ಕಾಲೇಜು ಎರಡು, ಸರಿಸಮ ಇರುವವು ಮೂರು, ನಾಲ್ಕೈದು ಕೆಳಗಿರುವವು ಎರಡು. ಕೆಳಗಿನ ಆ ಎರಡರ ಮೇಲೆ ಹೆಚ್ಚು ಸಮಯ ಕಳೆಯಿರಿ. ಮೇಲಿನವನ್ನು ಎಲ್ಲರೂ ಚೆನ್ನಾಗಿಯೇ ಆರಿಸುತ್ತಾರೆ. ಪರೀಕ್ಷೆಯ ದಿನ ಕೈಕೊಟ್ಟಾಗ ಹೋಗಿ ಸೇರುವುದು ಕೆಳಗಿನವನ್ನೇ, ಜನ ವಿಚಾರಿಸದೆ ಸೇರಿಸುವುದೂ ಅವನ್ನೇ.

ಕರ್ನಾಟಕದಲ್ಲಿ ಓದಿದವರಿಗೆ ಈ ಕೆಳಗಿನ ಜಾಗಕ್ಕೆ ಒಳ್ಳೆಯ ಆಯ್ಕೆ ಪಿಜಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯಲ್ಲಿ 100 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಡಿಗ್ರಿಯಲ್ಲಿ 50% ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 45%. ಮೈಸೂರು ವಿಶ್ವವಿದ್ಯಾಲಯದ ಬಿ.ಎನ್. ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆ, ಬೆಂಗಳೂರು ವಿಶ್ವವಿದ್ಯಾಲಯದ ಕೆನರಾ ಬ್ಯಾಂಕ್ ಸ್ಕೂಲ್ ಇವುಗಳಲ್ಲಿ ಫೀಸು ಖಾಸಗಿ ಪಿಜಿಡಿಎಂಗಿಂತ ಎಷ್ಟೋ ಪಾಲು ಕಡಿಮೆ. ಹನ್ನೆರಡು ಲಕ್ಷ ಸಾಲ ಮಾಡಿ 6 ಲಕ್ಷದ ಕೆಲಸಕ್ಕೆ ಸೇರುವುದಕ್ಕಿಂತ, ಸಾಲವಿಲ್ಲದೆ 5 ಲಕ್ಷದ ಕೆಲಸಕ್ಕೆ ಸೇರುವುದು ಲಾಭ. ಪಿಜಿಸಿಇಟಿ ಸೀಟು ಹಂಚಿಕೆಗೆ ಕಾಲೇಜುಗಳ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಅವುಗಳನ್ನು ಸಿಗುವ ಸಾಧ್ಯತೆಯ ಕ್ರಮದಲ್ಲಿ ಅಲ್ಲ, ಬೇಕೆನಿಸುವ ಕ್ರಮದಲ್ಲಿ ಹಾಕಿ. ನಿಮ್ಮ ರ್‍ಯಾಂಕಿಗೆ ಪಟ್ಟಿಯ ಮೇಲಿನಿಂದ ನೋಡುತ್ತ ಬಂದು ಮೊದಲು ಸಿಗುವ ಸೀಟನ್ನೇ ಹಂಚುತ್ತಾರೆ.

ದುಡ್ಡು ಕಟ್ಟುವ ಮೊದಲು

ಕೋರ್ಸಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಅನುಮೋದನೆ ಇದೆಯೇ, ಎಷ್ಟು ಸೀಟಿಗೆ ಇದೆ ಎಂದು ಅದರ ಜಾಲತಾಣದಲ್ಲೇ ನೋಡಿ. ಅನುಮೋದಿತ ಸೀಟಿಗಿಂತ ತರಗತಿ ದೊಡ್ಡದಿದ್ದರೆ, ಉಳಿದವರು ಯಾವ ಪ್ರಮಾಣಪತ್ರ ಪಡೆಯುತ್ತಾರೆಂದು ಲಿಖಿತವಾಗಿ ಕೇಳಿ. ಪಿಜಿಡಿಎಂ ಮಾಡಿ ಮುಂದೆ ಪಿಎಚ್‌ಡಿ ಅಥವಾ ಸರ್ಕಾರಿ ಕೆಲಸದ ಯೋಚನೆ ಇರುವವರು ಅದು ಎಂಬಿಎಗೆ ಸಮಾನ ಎಂಬ ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಐಐಎಂಗಳಲ್ಲಿ 2017ರ ಕಾಯ್ದೆಯ ನಂತರ ಎಂಬಿಎ ಪದವಿಯನ್ನೇ ಕೊಡುವುದರಿಂದ ಅಲ್ಲಿ ಈ ತೊಡಕಿಲ್ಲ.

ಫೀಸು ಎಂದು ಹೇಳುವ ಮೊತ್ತದ ಹೊರಗೆ ಹಾಸ್ಟೆಲ್, ಲ್ಯಾಪ್‌ಟಾಪ್, ವಿದೇಶ ಪ್ರವಾಸ, ಹೆಚ್ಚುವರಿ ಸರ್ಟಿಫಿಕೇಟ್ ಎಂದು ಏನೇನಿದೆ ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಸರ್ಕಾರಿ ಕೋಟಾ ಸೀಟಿಗೂ ‘ಸ್ಕಿಲ್’ ಹೆಸರಿನಲ್ಲಿ ಮೇಲಿನ ಹಣ ಕೇಳುವುದುಂಟು. ‘ನೇರ ಪ್ರವೇಶ’ ಮಾಡಿಸುತ್ತೇನೆಂದು ಫೋನ್ ಮಾಡುವ ಏಜೆಂಟ್ ಕಾಲೇಜಿನಿಂದ ಕಮಿಷನ್ ಪಡೆಯುತ್ತಾನೆ, ಅವನ ಸಲಹೆಯನ್ನು ಜಾಹೀರಾತೆಂದೇ ತಿಳಿಯಿರಿ. ಸೀಟು ಹಿಡಿದಿಡಲು ಕಟ್ಟುವ ಹಣ ಯಾವ ತಾರೀಖಿನವರೆಗೆ ವಾಪಸ್ ಬರುತ್ತದೆ ಎಂಬುದನ್ನು ಪ್ರತಿ ಕಾಲೇಜಿನ ಮುಂದೆ ಬರೆದಿಡಿ. ಒಂದರ ಗಡುವು ಏಪ್ರಿಲ್‌ನಲ್ಲಿ, ನಿಮಗೆ ಬೇಕಾದ ಇನ್ನೊಂದರ ಫಲಿತಾಂಶ ಮೇನಲ್ಲಿ ಬರುವುದು ಸಾಮಾನ್ಯ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ಅಲ್ಲೇ ವಾಪಸ್ ಪಡೆಯಿರಿ. ಅದನ್ನು ಇಟ್ಟುಕೊಳ್ಳುವ ಹಕ್ಕು ಕಾಲೇಜಿಗಿಲ್ಲ.